ಮೂರು ಸಲ ಎಳೆದು ನೋಡುವವಳು

ಕನ್ನಡಕದ ಗಾಜು ತಯಾರಿಸುವ ಆ ಕಾರ್ಖಾನೆಯಲ್ಲಿ ಎಲ್ಲರೂ ಅವಳನ್ನು ಬೀಗದಕ್ಕ ಎಂದೇ ಕರೆಯುತ್ತಿದ್ದರು. ಸಂಜೆ ಗೋದಾಮಿಗೆ ಬೀಗ ಹಾಕಿದ ಮೇಲೆ ಅದನ್ನು ಮೂರು ಸಲ ಎಳೆದು ನೋಡುವುದು ಅವಳ ಅಭ್ಯಾಸ. ಹತ್ತು ಹೆಜ್ಜೆ ನಡೆದು, ತಿರುಗಿ ಬಂದು, ಇನ್ನೊಮ್ಮೆ ಎಳೆಯುವುದೂ ಉಂಟು. "ಸಾಕು ಬಿಡಕ್ಕ, ಆ ಬೀಗಕ್ಕೇ ಕೈನೋವು ಬಂದೀತು" ಎಂದು ಗಾಜು ಉಜ್ಜುವವರು ನಗುತ್ತಿದ್ದರು. ಅವಳೂ ನಗುತ್ತಿದ್ದಳು. ಎಳೆಯುವುದನ್ನು ಮಾತ್ರ ಬಿಟ್ಟಿರಲಿಲ್ಲ.

ಅದಕ್ಕೊಂದು ಕಾರಣವಿತ್ತು. ಹತ್ತು ವರ್ಷದವಳಿದ್ದಾಗ ಒಂದು ದಿನ ಮನೆಗೆ ಬೀಗ ಹಾಕಲು ಮರೆತು ಶಾಲೆಗೆ ಹೋಗಿದ್ದಳು. ಸಂಜೆ ಬಂದು ನೋಡಿದರೆ ಒಂದು ಚಮಚವೂ ಕಳುವಾಗಿರಲಿಲ್ಲ. ಆದರೆ ನಡುಮನೆಯ ಮೇಜಿನ ಮೇಲೆ ಒಂದು ಲೋಟವಿತ್ತು. ತಳದಲ್ಲಿ ಎರಡು ಗುಟುಕು ನೀರು ಉಳಿದಿತ್ತು. ಮನೆಯವರು ಯಾರೂ ಅದನ್ನು ಅಲ್ಲಿಟ್ಟಿರಲಿಲ್ಲ. ಯಾರೋ ಬಂದು, ಕುಳಿತು, ನೀರು ಕುಡಿದು, ಎದ್ದು ಹೋಗಿದ್ದರು. ಯಾರೆಂಬುದು ಕೊನೆಗೂ ತಿಳಿಯಲಿಲ್ಲ. ಏನಾದರೂ ಕದ್ದುಕೊಂಡು ಹೋಗಿದ್ದರೆ ಅವಳು ಅಷ್ಟು ಹೆದರುತ್ತಿರಲಿಲ್ಲವೋ ಏನೋ. ನಲವತ್ತು ದಾಟಿದ ಮೇಲೂ ಕಣ್ಣು ಮುಚ್ಚಿದರೆ ಆ ಲೋಟ ಕಾಣುತ್ತಿತ್ತು.

ತಾಯಿ ತೀರಿಕೊಂಡ ಮೇಲೆ ಅವಳನ್ನು ಸಾಕಿದವಳು ಚಿಕ್ಕಮ್ಮ. ಕಾರ್ಖಾನೆಯ ಕೆಲಸಕ್ಕೆ ಕೈಹಿಡಿದು ಕರೆತಂದವಳೂ ಚಿಕ್ಕಮ್ಮನೇ. ಆರ್ಡರ್ ಮೇಜಿನಲ್ಲಿ ಮೂವತ್ತು ವರ್ಷದಿಂದ ಕುಳಿತಿದ್ದ ಚಿಕ್ಕಮ್ಮನಿಗೆ ಈಗ ಐವತ್ತೆಂಟು. ನಿವೃತ್ತಿಗೆ ಇನ್ನೆರಡು ವರ್ಷ. ಊರೂರಿನ ಕನ್ನಡಕದ ಅಂಗಡಿಗಳಿಂದ ಕಣ್ಣಿನ ನಂಬರುಗಳು ಮೇಲ್‌ನಲ್ಲಿ ಅವಳ ಕಂಪ್ಯೂಟರಿಗೆ ಬರುತ್ತಿದ್ದವು. ಒಂದೊಂದು ಮೇಲ್‌ಗೂ ಒಂದೊಂದು ಫೈಲ್. ಅವನ್ನು ತೆರೆದು, ನಂಬರನ್ನು ಚೀಟಿಗೆ ಇಳಿಸಿ, ಗಾಜು ಉಜ್ಜುವ ವಿಭಾಗಕ್ಕೆ ಕಳುಹಿಸುವುದು ಅವಳ ಕೆಲಸ. ಯಾರು ದಿನಕ್ಕೆ ಎಷ್ಟು ಆರ್ಡರ್ ಮುಗಿಸಿದರೆಂಬುದನ್ನು ಮಾಲೀಕರು ಪ್ರತಿ ಸಂಜೆ ಗೋಡೆಯ ಬಿಳಿ ಬೋರ್ಡಿನ ಮೇಲೆ ಬರೆಸುತ್ತಿದ್ದರು. ಗುರಿ ನೂರಿಪ್ಪತ್ತು.

ಬೀಗದಕ್ಕನದು ಗೋದಾಮಿನ ಕೆಲಸ. ಕಂಪ್ಯೂಟರಿನ ಉಸ್ತುವಾರಿ ಅವಳ ತಲೆಗೆ ಕಟ್ಟಿದ್ದು ಹೇಗೆಂದರೆ, ಏಳು ವರ್ಷದ ಹಿಂದೆ ಹೊಸ ಪ್ರಿಂಟರ್ ಬಂದಾಗ ಅದರ ಜೊತೆಗಿದ್ದ ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ಓದಿದವಳು ಇಡೀ ಕಾರ್ಖಾನೆಯಲ್ಲಿ ಅವಳೊಬ್ಬಳೇ. ಅಂದಿನಿಂದ ಹದಿನೆಂಟು ಕಂಪ್ಯೂಟರುಗಳಲ್ಲಿ ಯಾವುದು ಕೆಮ್ಮಿದರೂ ಅವಳಿಗೇ ಕರೆ.

ಆ ವರ್ಷ ಎದುರು ಕಟ್ಟಡದ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಒಂದು ಬೆಳಿಗ್ಗೆ ಒಂದು ಫೈಲೂ ತೆರೆಯಲಿಲ್ಲ. ಹೊರಗಿನವರು ಯಾರೋ ಇಂಟರ್ನೆಟ್ಟಿನ ಮೂಲಕ ಕಂಪ್ಯೂಟರುಗಳಿಗೆ ನುಗ್ಗಿ ಎಲ್ಲ ಫೈಲಿಗೂ ಬೀಗ ಜಡಿದಿದ್ದರು. ಒಂಬತ್ತು ದಿನ ಯಂತ್ರಗಳು ನಿಂತವು. ಪ್ರೆಸ್ಸಿನವರು ಹಗಲಿಡೀ ಮೆಟ್ಟಿಲ ಮೇಲೆ ಕುಳಿತಿರುವುದನ್ನು ಮಾಲೀಕರು ತಮ್ಮ ಕಿಟಕಿಯಿಂದ ನೋಡಿದರು. ಹತ್ತನೆಯ ದಿನ ಎಲ್ಲರನ್ನೂ ಒಟ್ಟಿಗೆ ಕರೆದರು.

"ನಮ್ಮ ಎಲ್ಲ ಕಂಪ್ಯೂಟರಿಗೂ ವೈರಸ್ ತಡೆಯೋ ಒಂದೇ ಕಾವಲು ಬೇಕು. ಯಾವುದು ಒಳ್ಳೇದು ಅಂತ ಹೋಲಿಸಿ ನೋಡಿ ಬೀಗದಕ್ಕ ಹೇಳಲಿ. ಮೂರು ವರ್ಷಕ್ಕೆ ಸಹಿ ಹಾಕೋಣ" ಎಂದರು. ಸ್ವಲ್ಪ ತಡೆದು, "ಹಾಕಿದ ಮೇಲೆ ಅದನ್ನ ಆಫ್ ಮಾಡಿದವರು ಮನೆಯಲ್ಲೇ ಕೂರಬಹುದು" ಎಂದರು.

ಬಾಯಿಮಾತಿಗೆ ಹೇಳುವ ಮನುಷ್ಯರಲ್ಲ ಅವರು. ಹಿಂದಿನ ವರ್ಷ ಗೋದಾಮಿನಲ್ಲಿ ಬೀಡಿ ಹಚ್ಚಿದ ಪ್ಯಾಕಿಂಗಿನವನನ್ನು ನಿಂತ ನಿಲುವಿನಲ್ಲೇ ಕಳುಹಿಸಿದ್ದರು.

ಮೂರು ಕಂಪನಿಗಳು ಹದಿನೈದು ದಿನದ ಪರೀಕ್ಷೆಗೆಂದು ತಮ್ಮ ತಮ್ಮ ಸಾಫ್ಟ್‌ವೇರ್ ಕೊಟ್ಟವು. ಹೆಸರುಗಳು ನಾಲಿಗೆಗೆ ಹೊರಳದಂಥವು. ಪರದೆಯ ಮೂಲೆಯ ಗುರುತಿನ ಬಣ್ಣ ನೋಡಿ ಅವಳು ಅವುಗಳಿಗೆ ಹಸಿರು, ಕೆಂಪು, ನೀಲಿ ಎಂದು ಹೆಸರಿಟ್ಟುಕೊಂಡಳು. ಒಂದೊಂದನ್ನು ಮೂರು ಮೂರು ಕಂಪ್ಯೂಟರಿಗೆ ಹಾಕಿದಳು. ಪರೀಕ್ಷೆಗೆಂದೇ ಮಾಡಿಟ್ಟ ಒಂದು ನಿರುಪದ್ರವಿ ಫೈಲ್ ಇರುತ್ತದೆ. ಅದರಿಂದ ಯಾವ ಕೇಡೂ ಇಲ್ಲ, ಆದರೆ ಕಾವಲು ಎಚ್ಚರವಾಗಿದ್ದರೆ ಅದನ್ನು ಕಂಡೊಡನೆ ಹಿಡಿಯಬೇಕು. ಮೊದಲ ದಿನ ಒಂಬತ್ತೂ ಕಡೆ ಅದನ್ನು ಹಾಕಿ ನೋಡಿದಳು. ಮೂರೂ ಹಿಡಿದವು.

ಆಮೇಲೆ ಗೆರೆ ಹಾಕಿದ ನೋಟ್‌ಬುಕ್ಕಿನಲ್ಲಿ ದಿನವೂ ದೂರುಗಳನ್ನು ಬರೆದುಕೊಳ್ಳುತ್ತ ಬಂದಳು. ಹಸಿರು ಮೊದಲ ದಿನವೇ ಗಾಜು ಉಜ್ಜುವ ಯಂತ್ರದ ಹಳೆಯ ಪ್ರೋಗ್ರಾಮನ್ನು ಕಳ್ಳನೆಂದು ಹಿಡಿದು ಕೂಡಿಹಾಕಿತು. ಅದು ನಮ್ಮವನೇ ಎಂದು ಹಸಿರಿಗೆ ತಿಳಿಹೇಳುವಷ್ಟರಲ್ಲಿ ಒಂದು ಗಂಟೆ ಕೆಲಸ ನಿಂತು, ಮಾಲೀಕರಿಂದ ಬೈಗುಳ ತಿಂದದ್ದಾಯಿತು. ಕೆಂಪು ಹತ್ತು ನಿಮಿಷಕ್ಕೊಮ್ಮೆ ಏನಾದರೊಂದು ಎಚ್ಚರಿಕೆ ತೋರಿಸುತ್ತಿತ್ತು. "ನಮ್ಮತ್ತೆ ಹಾಗೇ ಇದೆ ಇದು. ಸುಮ್ಮನೆ ಕೂತಿದ್ರೂ ಏನೋ ಒಂದು ಹೇಳ್ತಿರತ್ತೆ" ಎಂದಳು ಲೆಕ್ಕ ಬರೆಯುವವಳು.

ನೀಲಿಯ ಬಗ್ಗೆ ದೂರೇ ಇರಲಿಲ್ಲ. ಅದನ್ನು ಹಾಕಿದ್ದು ಗೋದಾಮಿಗೆ, ಪಾರ್ಸಲ್ ವಿಭಾಗಕ್ಕೆ ಮತ್ತು ಆರ್ಡರ್ ಮೇಜಿಗೆ. ಎಲ್ಲಕ್ಕಿಂತ ಹೆಚ್ಚು ಹೊರಗಿನ ಫೈಲುಗಳು ಬರುವ ಆರ್ಡರ್ ಮೇಜಿನ ಮಾತೇ ಮುಖ್ಯ. ಅಲ್ಲಿ ಅವಳು ದಿನವೂ ಕೇಳುತ್ತಿದ್ದಳು, "ಚಿಕ್ಕಮ್ಮ, ತೊಂದರೆ ಏನಾದ್ರೂ?"

"ಏನೂ ಇಲ್ಲ ಕಣೇ."

"ನಿಧಾನ?"

"ಏನೂ ಇಲ್ಲ ಅಂದ್ನಲ್ಲ. ಹೋಗು, ನಿನ್ನ ಬೀಗ ನೋಡ್ಕೋ."

ನೀಲಿಯ ಮಾರಾಟದವರೂ ಮೊದಲೇ ಹೇಳಿದ್ದರು, "ಮೇಡಂ, ನಮ್ಮದು ಇದೆ ಅಂತಾನೇ ಗೊತ್ತಾಗಲ್ಲ." ಎಲ್ಲ ಕಂಪ್ಯೂಟರುಗಳ ಸ್ಥಿತಿಯನ್ನು ಒಂದೇ ಪರದೆಯಲ್ಲಿ ಕುಳಿತಲ್ಲೇ ನೋಡುವ ಸೌಲಭ್ಯ ಪರೀಕ್ಷೆಗೆ ಕೊಟ್ಟದ್ದರಲ್ಲಿ ಇಲ್ಲ, ಕೊಂಡ ಮೇಲೆ ಸಿಗುತ್ತದೆ ಎಂದೂ ಹೇಳಿದ್ದರು. ಹದಿನಾಲ್ಕನೆಯ ದಿನ ಅವಳು ಮಾಲೀಕರಿಗೆ ನೀಲಿಯ ಹೆಸರು ಹೇಳಿದಳು. ಮರುದಿನ ಹನ್ನೊಂದಕ್ಕೆ ಸಹಿ ಎಂದು ನಿಶ್ಚಯವಾಯಿತು.

ಆ ಬೆಳಿಗ್ಗೆ ಎಂಟೂವರೆಗೇ ಬಂದವಳಿಗೆ ಕೂತಲ್ಲಿ ಕೂರಲಾಗಲಿಲ್ಲ. ಹದಿನೆಂಟು ಕಂಪ್ಯೂಟರು, ಮೂರು ವರ್ಷ, ತನ್ನೊಬ್ಬಳ ಮಾತು. ಇನ್ನೊಂದು ಸಲ ಎಳೆದು ನೋಡಿಬಿಡೋಣವೆಂದು ಆ ನಿರುಪದ್ರವಿ ಫೈಲನ್ನು ಹಿಡಿದು ಒಂದೊಂದೇ ಮೇಜಿಗೆ ಹೋದಳು. ಹಸಿರು ಹಿಡಿಯಿತು. ಕೆಂಪು ಬೊಬ್ಬೆ ಹಾಕಿ ಹಿಡಿಯಿತು. ಗೋದಾಮಿನಲ್ಲಿ, ಪಾರ್ಸಲ್ಲಿನಲ್ಲಿ ನೀಲಿಯೂ ಹಿಡಿಯಿತು.

ಆರ್ಡರ್ ಮೇಜಿನಲ್ಲಿ ಫೈಲ್ ಹಾಗೇ ಕುಳಿತಿತ್ತು. ಒಂದು ನಿಮಿಷ ಕಾದಳು, ಎರಡು ನಿಮಿಷ ಕಾದಳು. ಯಾರೂ ಅದನ್ನು ಏನೆಂದು ಕೇಳಲಿಲ್ಲ. ಮೇಜಿನ ಮೇಲಿನ ಲೋಟದ ಹಾಗೆ ಅದು ಅಲ್ಲೇ ಇತ್ತು.

ನೀಲಿಯ ಕಿಟಕಿ ತೆರೆದು ನೋಡಿದಳು. ಕಾವಲು ಬಂದ್. ಬಂದ್ ಆಗಿ ಹನ್ನೆರಡು ದಿನವಾಗಿತ್ತು.

ಅಷ್ಟರಲ್ಲಿ ಚಿಕ್ಕಮ್ಮ ಚೀಲ ಕೆಳಗಿಡುತ್ತ, "ಏನೇ, ನನ್ನ ಕುರ್ಚಿ ಮೇಲೆ ಕಣ್ಣು ಬಿತ್ತಾ?" ಎಂದಳು.

"ಚಿಕ್ಕಮ್ಮ, ಇದನ್ನ ಆಫ್ ಮಾಡಿದ್ಯಾ?"

ಚಿಕ್ಕಮ್ಮನ ಕೈ ಚೀಲದ ಮೇಲೇ ನಿಂತಿತು. "ಮೆಲ್ಲಗೆ ಮಾತಾಡು."

"ಮಾಡಿದ್ಯಾ ಇಲ್ವಾ?"

"ಒಂದೊಂದು ಫೈಲಿಗೂ ಎಂಬತ್ತು ಸೆಕೆಂಡು ಗಿರಗಿರ ಅಂತ ತಿರುಗ್ತಾ ಕೂತ್ಕೊಳ್ಳತ್ತೆ. ಎರಡು ದಿನ ಸಹಿಸ್ಕೊಂಡೆ. ಎರಡು ದಿನವೂ ಬೋರ್ಡಲ್ಲಿ ತೊಂಬತ್ತು. ಆಚೆ ಮೇಜಲ್ಲಿ ಆರ್ಡರ್ ಇಳಿಸೋ ಹೊಸಬಳದ್ದು ನೂರಹದಿನೈದು. ಮಾಲೀಕರು ಬೋರ್ಡು ನೋಡಿ ಆಮೇಲೆ ನನ್ನ ನೋಡಿದ್ರು. ಏನೂ ಅನ್ನಲಿಲ್ಲ. ಅಂದಿದ್ರೆ ಚೆನ್ನಾಗಿರ್ತಿತ್ತು."

"ನಾನು ದಿನಾ ಬಂದು ತೊಂದರೆ ಇದ್ಯಾ ಅಂತ ಕೇಳಿದ್ನಲ್ಲ?"

"ಇರಲಿಲ್ವಲ್ಲ. ಆಫ್ ಆಗಿತ್ತಲ್ಲ."

ಬೇರೆ ದಿನವಾಗಿದ್ದರೆ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಬೀಗದಕ್ಕ ಬಗ್ಗಿ ಮೊದಲು ನೆಟ್‌ವರ್ಕಿನ ಕೇಬಲ್ ಕಿತ್ತಳು. ನೀಲಿಯನ್ನು ಮತ್ತೆ ಶುರುಮಾಡಿ, ಇಡೀ ಕಂಪ್ಯೂಟರನ್ನು ಸೋಸಿ ನೋಡೆಂದು ಆಜ್ಞೆ ಕೊಟ್ಟಳು. ಪರದೆಯ ಮೇಲೆ ಒಂದು ಪಟ್ಟಿ ಇಂಚಿಂಚೇ ಮುಂದೆ ಸರಿಯತೊಡಗಿತು. ಹತ್ತು ಗಂಟೆಗೆ ಅರ್ಧ. ಹನ್ನೆರಡು ದಿನ, ದಿನಕ್ಕೆ ನೂರಿಪ್ಪತ್ತು ಫೈಲು. ಒಳಗೆ ಯಾರಾದರೂ ಬಂದು ಕುಳಿತಿದ್ದರೆ? ಈ ಮೇಜಿನಿಂದ ಉಳಿದ ಹದಿನೇಳಕ್ಕೂ ದಾರಿಯಿದೆ. ಇಪ್ಪತ್ತು ವರ್ಷದಿಂದ ಕೂಡಿಟ್ಟ ಜನರ ಕಣ್ಣಿನ ನಂಬರುಗಳು ಆ ದಾರಿಯ ಕೊನೆಯಲ್ಲಿವೆ. ಚಿಕ್ಕಮ್ಮ ಪಕ್ಕದಲ್ಲಿ ನಿಂತು ಸೆರಗಿನ ತುದಿಯನ್ನು ಸುತ್ತುತ್ತಿದ್ದಳು, ಬಿಚ್ಚುತ್ತಿದ್ದಳು.

ಹತ್ತೂ ಇಪ್ಪತ್ತಕ್ಕೆ ಪಟ್ಟಿ ಕೆಂಪಾಯಿತು. ಒಂದು ಸಿಕ್ಕಿತ್ತು. ಆರು ದಿನದ ಹಿಂದೆ ಬಂದದ್ದು. 'ತುರ್ತು ಆರ್ಡರ್' ಎಂದು ಹೆಸರು. ಮೇಲ್‌ನಿಂದ ಇಳಿಸಿಕೊಂಡಿದೆ, ಆದರೆ ತೆರೆದಿಲ್ಲ.

"ಇದನ್ನ ಯಾಕೆ ತೆರೀಲಿಲ್ಲ?"

ಚಿಕ್ಕಮ್ಮ ಕನ್ನಡಕ ಮೇಲೇರಿಸಿ ತುಂಬ ಹೊತ್ತು ನೋಡಿದಳು. ಅನುಮಾನ ಬಂತು, ಅದಕ್ಕೇ ತೆರೆಯಲಿಲ್ಲ ಎಂದಿದ್ದರೆ ಯಾರೂ ಇಲ್ಲವೆನ್ನುತ್ತಿರಲಿಲ್ಲ. "ತೆರೀಬೇಕು ಅಂತಲೇ ಇಳಿಸ್ಕೊಂಡೆ. ಊಟದ ಗಂಟೆ ಹೊಡೀತು. ಎದ್ದು ಹೋದೆ. ಬಂದ ಮೇಲೆ ಮರೆತೇ ಹೋಯ್ತು ಅಂತ ಕಾಣತ್ತೆ" ಎಂದಳು. ಹಾಗೆಂದು ಕುರ್ಚಿಯಲ್ಲಿ ಕುಸಿದು ಕುಳಿತಳು. "ಊಟದ ಗಂಟೆ ಹೊಡೀದೇ ಇದ್ದಿದ್ರೆ?"

ಎದುರು ಪ್ರೆಸ್ಸಿನ ಮೆಟ್ಟಿಲು ಕಿಟಕಿಯಿಂದ ಕಾಣುತ್ತಿತ್ತು.

"ಮಾಲೀಕರಿಗೆ ಹೇಳ್ತೀಯಾ?" ಎಂದು ಚಿಕ್ಕಮ್ಮ ಕೇಳಿದಳು.

"ಹೇಳದೇ ಸಹಿ ಹಾಕ್ಸೋದಾ?"

"ಎರಡು ವರ್ಷ ಉಳಿದಿತ್ತು ಕಣೇ" ಎಂದಷ್ಟೇ ಚಿಕ್ಕಮ್ಮ ಹೇಳಿದಳು.

ಆ ಫೈಲನ್ನು ಅಳಿಸಿ, ಸೋಸುವುದು ಮುಗಿದು ಬೇರೇನೂ ಸಿಗಲಿಲ್ಲವೆಂದು ಖಚಿತವಾಗುವಷ್ಟರಲ್ಲಿ ಹನ್ನೊಂದಕ್ಕೆ ಐದು ನಿಮಿಷವಿತ್ತು. ಮೆಟ್ಟಿಲೇರುವಾಗ ಬೀಗದಕ್ಕನ ತಲೆಯಲ್ಲಿ ಎರಡು ಮಾತು ಗುದ್ದಾಡುತ್ತಿದ್ದವು. ನೀಲಿ ತಾನಾಗಿಯೇ ನಿಂತುಹೋಗಿತ್ತು ಎಂದುಬಿಟ್ಟರೆ ಚಿಕ್ಕಮ್ಮ ಉಳಿಯುತ್ತಾಳೆ. ಆದರೆ ಅದು ಸುಳ್ಳು. ಒಂದು ಸುಳ್ಳಿನ ಮೇಲೆ ಹದಿನೆಂಟು ಕಂಪ್ಯೂಟರಿನ ಕಾವಲನ್ನು ನಿಲ್ಲಿಸಬೇಕಾಗುತ್ತದೆ. ನಿಜ ಹೇಳಿದರೆ, ತನ್ನನ್ನು ಕೈಹಿಡಿದು ಇಲ್ಲಿಗೆ ಕರೆತಂದವಳನ್ನು ತಾನೇ ಕೈಹಿಡಿದು ಹೊರಗೆ ಬಿಟ್ಟಂತೆ.

ಮಾಲೀಕರ ಮುಂದೆ ಕಾಗದಗಳು ಹರಡಿದ್ದವು. ನೀಲಿಯ ಮಾರಾಟದವರು ಪೆನ್ನಿನ ಮುಚ್ಚಳ ತೆಗೆದೇ ಕುಳಿತಿದ್ದರು.

"ಸರ್, ಸಹಿ ಹಾಕಬೇಡಿ. ನನ್ನ ಹೋಲಿಕೆ ತಪ್ಪಾಗಿದೆ" ಎಂದಳು. "ಆರ್ಡರ್ ಮೇಜಲ್ಲಿ ಇವರ ಸಾಫ್ಟ್‌ವೇರ್ ಹನ್ನೆರಡು ದಿನದಿಂದ ಆಫ್ ಆಗಿತ್ತು. ಅದಕ್ಕೇ ದೂರು ಬರಲಿಲ್ಲ. ಕೆಟ್ಟ ಫೈಲ್ ಒಂದು ಬಂದು ಕೂತಿತ್ತು. ತೆರೆದಿಲ್ಲ. ಈಗ ಹಿಡಿದು ತೆಗೆದಿದ್ದೀನಿ."

ಮಾಲೀಕರು ಕಿಟಕಿಯ ಕಡೆ ನೋಡಿದರು. "ಯಾರು ಆಫ್ ಮಾಡಿದ್ದು?"

"ಆಫ್ ಮಾಡೋದಕ್ಕೆ ಆಗೋ ಹಾಗೆ ಬಿಟ್ಟಿದ್ದು ನಾನು ಸರ್. ಪಾಸ್‌ವರ್ಡ್ ಹಾಕೋದಕ್ಕೆ ಅವಕಾಶ ಇತ್ತು. ನಾನಿಲ್ಲದಾಗ ಏನಾದ್ರೂ ಕೆಲಸ ನಿಂತ್ರೆ ಎಲ್ಲರೂ ಬೈತಾರೆ ಅಂತ ಹಾಕಲಿಲ್ಲ." ಇದು ಸುಳ್ಳಾಗಿರಲಿಲ್ಲ. ದಿನಕ್ಕೆ ಮೂರು ಸಲ ಬೀಗ ಎಳೆಯುವವಳು ಬೀಗದ ಕೈಯನ್ನು ಬಾಗಿಲಲ್ಲೇ ಬಿಟ್ಟು ಹೋಗಿದ್ದಳು.

"ನಾನು ಕೇಳಿದ್ದು ಅದಲ್ಲ."

ಅವಳು ಮೇಜಿನ ಮೇಲಿನ ಕಾಗದಗಳನ್ನು ನೋಡಿದಳು.

"ನಾನು ಮಾಡಿದ್ದು" ಎಂಬ ದನಿ ಬಾಗಿಲ ಕಡೆಯಿಂದ ಬಂತು. ಚಿಕ್ಕಮ್ಮ ಚೀಲವನ್ನು ಹೆಗಲಿಗೆ ಹಾಕಿಕೊಂಡೇ ಬಂದಿದ್ದಳು. "ಇವಳಿಗೆ ಇವತ್ತು ಬೆಳಿಗ್ಗೆವರೆಗೂ ಗೊತ್ತಿರಲಿಲ್ಲ. ನಿಮ್ಮ ಬೋರ್ಡಲ್ಲಿ ನನ್ನ ಅಂಕಿ ಇಳೀತು. ವಯಸ್ಸಾಯ್ತು ಅಂತ ಅಂದ್ಕೋತೀರಿ ಅನ್ನಿಸ್ತು. ಆಫ್ ಮಾಡಿದೆ."

ಮಾರಾಟದವರು ಪೆನ್ನಿಗೆ ಮುಚ್ಚಳ ಹಾಕಿದರು.

"ಎಂಬತ್ತು ಸೆಕೆಂಡು ಕಾದು ಮಾಡಿದ್ರೆ ದಿನಕ್ಕೆ ಎಷ್ಟಾಗತ್ತೆ?" ಎಂದು ಮಾಲೀಕರು ಬೀಗದಕ್ಕನನ್ನು ಕೇಳಿದರು.

"ತೊಂಬತ್ತು ಸರ್."

"ಹೊಸಬಳ ಮೇಜಿಗೆ ಯಾವುದು ಹಾಕಿದ್ರಿ?"

"ಅಲ್ಲಿ ಯಾವುದೂ ಹಾಕಿರಲಿಲ್ಲ."

ಅವರು ಹಣೆ ಉಜ್ಜಿಕೊಂಡರು. "ಮೊದಲಿಂದ ಮಾಡಿ. ಇನ್ನೊಂದು ಹದಿನೈದು ದಿನ. ಕೂತವರು ಆಫ್ ಮಾಡೋಕೆ ಆಗತ್ತಾ ಇಲ್ವಾ ಅಂತ ಮೊದಲು ನೋಡಿ." ಆಮೇಲೆ ಚಿಕ್ಕಮ್ಮನ ಕಡೆ ತಿರುಗಿ, "ನೀವು ಹೋಗಿ" ಎಂದರು.

"ಮನೆಗಾ?"

"ಮೇಜಿಗೆ. ಚೀಲ ಯಾಕೆ ತಂದ್ರಿ?"

ಆ ಸಂಜೆ ಬೋರ್ಡಿನ ಗುರಿ ನೂರಿಪ್ಪತ್ತರಿಂದ ತೊಂಬತ್ತಕ್ಕೆ ಇಳಿದಿತ್ತು. ಯಾರು ಅಳಿಸಿ ಬರೆದರೆಂದು ಯಾರೂ ಕೇಳಲಿಲ್ಲ. ಚಿಕ್ಕಮ್ಮ ಆಮೇಲೆ ಒಂದು ವಾರ ಸರಿಯಾಗಿ ಊಟ ಮಾಡಲಿಲ್ಲ. ಮಾಲೀಕರು ಕೆಮ್ಮಿದರೂ ಬೆಚ್ಚಿಬೀಳುತ್ತಿದ್ದಳು.

ಎರಡನೆಯ ಸುತ್ತಿನಲ್ಲಿ ಮೂರನ್ನೂ ಆರ್ಡರ್ ಮೇಜಿನಲ್ಲೇ ಐದೈದು ದಿನ ಕೂರಿಸಿ ನೋಡಿದ್ದಾಯಿತು. ಕೊನೆಗೆ ಉಳಿದದ್ದು ಹಸಿರು. ಅದು ಒಂದೊಂದು ಫೈಲಿಗೆ ಐವತ್ತು ಸೆಕೆಂಡು ತೆಗೆದುಕೊಳ್ಳುತ್ತಿತ್ತು, ಆಗಾಗ ನಮ್ಮವರನ್ನೇ ಕಳ್ಳರೆಂದು ಹಿಡಿಯುತ್ತಿತ್ತು. ಆದರೆ ಪಾಸ್‌ವರ್ಡ್ ಇಲ್ಲದೆ ಯಾರು ಎಷ್ಟು ಒತ್ತಿದರೂ ಜಗ್ಗುತ್ತಿರಲಿಲ್ಲ, ಮತ್ತು ಹದಿನೆಂಟರಲ್ಲಿ ಯಾವುದು ಕಣ್ಣು ಮುಚ್ಚಿದರೂ ಬೀಗದಕ್ಕನ ಪರದೆಯ ಮೇಲೆ ಕಾಣುತ್ತಿತ್ತು. ನೂರಿಪ್ಪತ್ತರ ಗುರಿ ಮಾತ್ರ ಮತ್ತೆ ಬೋರ್ಡಿಗೆ ಬರಲಿಲ್ಲ.

ಪರದೆ ಎಲ್ಲವನ್ನೂ ತೋರಿಸಿದರೂ ಅವಳ ಮನಸ್ಸು ನಿಲ್ಲುವುದಿಲ್ಲ. ಪ್ರತಿ ಸೋಮವಾರ ಬೆಳಿಗ್ಗೆ ಆ ನಿರುಪದ್ರವಿ ಫೈಲನ್ನು ಹಿಡಿದು ಮೇಜಿಂದ ಮೇಜಿಗೆ ಹೋಗುತ್ತಾಳೆ. ಚಿಕ್ಕಮ್ಮ ಮೊದಲೇ ಬಂದು, ಕಂಪ್ಯೂಟರಿನಿಂದ ದೂರ, ಕೈ ಮಡಿಲಲ್ಲಿಟ್ಟುಕೊಂಡು ಕುಳಿತಿರುತ್ತಾಳೆ. ಬಂದ ಮೇಲ್‌ಗಳು ತೆರೆಯದೆ ಹಾಗೇ ಸಾಲುಗಟ್ಟಿರುತ್ತವೆ.

"ನಂದು ಮೊದಲು ಎಳೆದು ನೋಡೇ" ಎನ್ನುತ್ತಾಳೆ. "ಆಮೇಲೆ ನಾನು ಶುರು ಮಾಡ್ತೀನಿ."