ಒಂದು ಫೋನು, ಮೂರು ಕಂಪ್ಯೂಟರು, ಶಾಂತಮ್ಮ

ಕೇಬಲ್ ಕಂಪನಿಯವರ ಜೊತೆ ಜಗಳವಾಡಿ ಮನೆಯ ಇಂಟರ್ನೆಟ್ಟು ಕಿತ್ತೆಸೆದವನು ನಾನೇ. ಸುಲಿಗೆಗೆ ತಲೆಬಾಗುವವನಲ್ಲ. ಅಂದಿನಿಂದ ಮನೆಯ ಮೂರೂ ಕಂಪ್ಯೂಟರು ನನ್ನ ಫೋನಿನ ಹಾಟ್‌ಸ್ಪಾಟ್ ಮೇಲೇ ಬದುಕಿದ್ದವು.

ಅಮೆರಿಕದ ಮಾರ್ಗನ್ ಹಿಲ್‌ನ ನಮ್ಮ ಬೀದಿಗೆ ಬರುವ ಬಸ್ಸನ್ನು ರದ್ದು ಮಾಡಬೇಕೋ ಬೇಡವೋ ಎಂದು ಅವತ್ತು ನಗರಾಡಳಿತದ ಆನ್‌ಲೈನ್ ಸಭೆ. ಆ ಬಸ್ಸು ಹೋದರೆ, ಕಾರು ಓಡಿಸಲು ಬಾರದ ಪಕ್ಕದ ಮನೆಯ ಹಾಸನದ ಶಾಂತಮ್ಮ ಡಾಕ್ಟರ ಹತ್ತಿರ ಹೋಗುವುದು ಹೇಗೆ? ನಾನು ಗುಡುಗಲು ಸಿದ್ಧನಾಗಿದ್ದೆ. ಅವರೂ ಬಂದು ಪಕ್ಕದಲ್ಲಿ ಕೂತಿದ್ದರು.

ನನ್ನ ಸರದಿ ಹತ್ತಿರ ಬಂದಾಗಲೇ ಪರದೆ ಅಲ್ಲಾಡದೆ ನಿಂತಿತು. ನಾನು ಫೋನಿನಿಂದ ಹಿಡಿದು ಇಡೀ ಅಮೆರಿಕವನ್ನು ಬೈಯತೊಡಗಿದೆ.

"ಬೈದ್ರೆ ನೆಟ್ಟು ಬರುತ್ತೇನಪ್ಪಾ? ನಮ್ಮ ಶುಕ್ರವಾರದ ಆನ್‌ಲೈನ್ ಭಜನೇಲಿ ಹಾಡೋರ ಮೈಕು ಮಾತ್ರ ಆನ್. ಮಿಕ್ಕೋರದ್ದೆಲ್ಲ ಬಂದ್," ಎನ್ನುತ್ತಾ ಶಾಂತಮ್ಮ ಎದ್ದರು.

ನನ್ನ ಹೆಂಡತಿ ಫೋಟೋ ಕಳಿಸುತ್ತಿದ್ದ ಲ್ಯಾಪ್‌ಟಾಪು ಮುಚ್ಚಿತು. ಮಗಳ ಕಾರ್ಟೂನು ನಿಂತಿತು.

"ಅಜ್ಜೀ, ಐ ಆಮ್ ವಾಚಿಂಗ್!"

"ನಿಮ್ಮಪ್ಪ ಹಾಡಿ ಮುಗಿಸ್ಲಿ, ಆಮೇಲೆ ನೋಡೀವಂತೆ."

ಕೊನೆಗೆ ನನ್ನ ವಿಡಿಯೋವನ್ನೂ ಆಫ್ ಮಾಡಿಸಿದರು. "ನಿನ್ನ ಮುಖ ಯಾರಿಗೆ ಬೇಕು? ಮಾತು ಹೋಗ್ಲಿ, ಸಾಕು."

ಮಾತು ಒಂದಕ್ಷರವೂ ತುಂಡಾಗದೆ ಹೋಯಿತು. ಬಸ್ಸು ಉಳಿಯಿತು. ಎಷ್ಟೋ ಸಭೆಗಳಲ್ಲಿ ಮೇಜು ಗುದ್ದಿದ್ದೇನೆ. ಇಷ್ಟು ಬೇಗ ಎಲ್ಲರನ್ನೂ ಸುಮ್ಮನಾಗಿಸಿದ ನಾಯಕಿಯನ್ನು ಕಂಡಿಲ್ಲ.

ಈಗ ಭಜನೆಗೆ ನನ್ನನ್ನೂ ಸೇರಿಸಿಕೊಂಡಿದ್ದಾರೆ. ಮೈಕು ಮುಟ್ಟಬಾರದೆಂಬ ಷರತ್ತಿನ ಮೇಲೆ.