ಬೇವಿನ ಗಿಡದ ಶೆಡ್ಡಿಗೆ ಹೋಗದ ಮೆಸೇಜು

ಇಂಥದ್ದನ್ನೆಲ್ಲ ನಂಬುವವಳು ನಾನಲ್ಲ. ನನ್ನ ಗಂಡ ಅಮಾವಾಸ್ಯೆಗೆ ಬೈಕಿಗೆ ನಿಂಬೆಹಣ್ಣು ಕಟ್ಟಿದರೆ ಈಗಲೂ ಛೇಡಿಸುತ್ತೇನೆ. ಅದರಲ್ಲೂ ಕಂಪ್ಯೂಟರ್ ವಿಷಯದಲ್ಲಿ ನನ್ನದು ಒಂದೇ ಮಾತಾಗಿತ್ತು: ಅದು ಹೇಳಿದ್ದನ್ನಷ್ಟೇ ಮಾಡುತ್ತದೆ, ಹೇಳದ್ದನ್ನು ಮಾಡುವುದಿಲ್ಲ. ಕೆಲವು ವರ್ಷಗಳ ಹಿಂದಿನ ಒಂದು ಮಧ್ಯಾಹ್ನದ ತನಕ ಆ ಮಾತನ್ನು ಧೈರ್ಯದಿಂದ ಹೇಳುತ್ತಿದ್ದೆ.

ನಾನು ಕೆಲಸ ಮಾಡುವುದು ವಿಜಯಪುರದ ಸ್ಟೇಷನ್ ರಸ್ತೆಯ ಒಂದು ಸಣ್ಣ ಆಫೀಸಿನಲ್ಲಿ. ನಮ್ಮ ಮಾಲೀಕರ ಒಣದ್ರಾಕ್ಷಿ ಶೆಡ್ಡುಗಳು ತಿಕೋಟಾ ಆಚೆ ಹೊನವಾಡದ ಹತ್ತಿರ ಇವೆ. ಹಸಿ ದ್ರಾಕ್ಷಿಯನ್ನು ಬಲೆಗಳ ಮೇಲೆ ಹರವಿ ಒಣಗಿಸುತ್ತಾರೆ. ಹದಕ್ಕೆ ಬಂದ ಮೇಲೆ ಶೆಡ್ಡಿನ ಸುತ್ತ ತಾಡಪತ್ರಿ ಇಳಿಸಿ, ಒಳಗೆ ಗಂಧಕದ ಹೊಗೆ ಹಾಕುತ್ತಾರೆ. ಕಾಯಿಗೆ, ಅಂದರೆ ಒಣಗಿದ ದ್ರಾಕ್ಷಿಗೆ, ಚಿನ್ನದ ಬಣ್ಣ ಬರುವುದು ಆ ಹೊಗೆಯಿಂದ. ಅದು ತುಂಬಿದ ಶೆಡ್ಡಿನೊಳಗೆ ಮನುಷ್ಯ ಸಿಕ್ಕಿಕೊಂಡರೆ ಉಳಿಯುವುದು ಕಷ್ಟ.

ಯಾವ ಶೆಡ್ಡು ಯಾವತ್ತು ಹದಕ್ಕೆ ಬಂತು ಎಂಬುದನ್ನು ಎಕ್ಸೆಲ್ ಶೀಟಿನಲ್ಲಿ ನೋಡಿ, ಎಲ್ಲರಿಗೂ ಮೆಸೇಜು ಟೈಪು ಮಾಡುವುದರಲ್ಲೇ ನನ್ನ ಅರ್ಧ ದಿನ ಕಳೆಯುತ್ತಿತ್ತು. ಬೇಸತ್ತು ಮೊಬೈಲಿನಲ್ಲಿ ವಿಡಿಯೋ ನೋಡಿ ಪೈಥಾನ್ ಕಲಿತೆ. ಒಂದು ಪುಟ್ಟ ಸ್ಕ್ರಿಪ್ಟ್ ಬರೆದೆ. ಅದು ಶೀಟನ್ನು ತಾನೇ ಓದಿ, ಹದಕ್ಕೆ ಬಂದ ಶೆಡ್ಡಿನವರಿಗೆ 'ಇಂದು ಗಂಧಕ' ಎಂದು ಮೆಸೇಜು ಕಳಿಸುತ್ತಿತ್ತು. ನನ್ನ ಕೈಯಿಂದಲೇ ಅದು ಆದದ್ದಕ್ಕೆ ಎಷ್ಟು ಹಿಗ್ಗಿದ್ದೆನೆಂದರೆ, ಮನೆಗೆ ಬಂದವರಿಗೆಲ್ಲ ತೋರಿಸಿ ತಲೆ ತಿಂದಿದ್ದೆ.

ಅವತ್ತು ರಂಜಾನಿನ ಉಪವಾಸದ ದಿನ. ಬಿಸಿಲು ಜೋರಾಗಿತ್ತು. ಊಟದ ಹೊತ್ತಿಗೆ ಸ್ಕ್ರಿಪ್ಟ್ ಓಡಿಸಿದೆ. ಸರಸರ ಮೆಸೇಜು ಹೋದವು. ಬೇವಿನ ಗಿಡದ ಪಕ್ಕದ ಶೆಡ್ಡಿನ ಸಾಲಿಗೆ ಬಂದು ಸ್ಕ್ರಿಪ್ಟು ನಿಂತುಬಿಟ್ಟಿತು. ತಪ್ಪಾಗಿದೆ ಎಂಬ ಕೆಂಪಕ್ಷರವೂ ಇಲ್ಲ, ಏನೂ ಇಲ್ಲ. ಮುಚ್ಚಿ ತೆಗೆದು ಮತ್ತೆ ಓಡಿಸಿದೆ, ಅಲ್ಲೇ ನಿಂತಿತು. ಆ ಸಾಲನ್ನು ಬಿಟ್ಟು ಓಡಿಸಿದರೆ ಉಳಿದವೆಲ್ಲ ಸಲೀಸಾಗಿ ಹೋದವು. ಸೇರಿಸಿದರೆ ಮತ್ತೆ ಅದೇ ಹಟ. ನಾನೂ ಹಟಕ್ಕೆ ಬಿದ್ದು ಇನ್ನೊಮ್ಮೆ ಓಡಿಸಿದೆ.

ಅಷ್ಟರಲ್ಲಿ ಆ ಶೆಡ್ಡಿನ ಮೇಸ್ತ್ರಿ ಮಲ್ಲಪ್ಪನ ಫೋನು ಬಂತು. "ಅಕ್ಕಾರ, ತಾಡಪತ್ರಿ ಇಳಿಸಿ ಕುಂತೇವ್ರಿ. ನಿಮ್ಮ ಮೆಸೇಜ ಇನ್ನೂ ಬಂದಿಲ್ಲ. ಗಂಧಕ ಹಚ್ಚಲೇನ್ರಿ?"

ಹಚ್ಚಿರಿ ಎನ್ನಲು ಏನೂ ಅಡ್ಡಿಯಿರಲಿಲ್ಲ. ಕಾಯಿ ಹದಕ್ಕೆ ಬಂದದ್ದು ಶೀಟಿನಲ್ಲಿ ಕಣ್ಣೆದುರೇ ಇತ್ತು. ಆದರೆ ನಾನು ಬರೆದ ಸ್ಕ್ರಿಪ್ಟು ನನ್ನ ಮಾತು ಕೇಳುತ್ತಿಲ್ಲವಲ್ಲ ಎಂಬ ಸಿಟ್ಟಿನಲ್ಲಿ, "ಸ್ವಲ್ಪ ತಡೀರಿ, ಮೆಸೇಜ್ ಬಂದ ಮ್ಯಾಲೇ ಹಚ್ಚರಿ" ಎಂದೆ.

ಸ್ವಲ್ಪ ಹೊತ್ತಿಗೆ ಮಲ್ಲಪ್ಪನ ಫೋನು ಮತ್ತೆ ಬಂತು. "ಅಕ್ಕಾರ, ಬೂಬು ಒಳಗಿದ್ಲರಿ."

ಬೂಬು ಎಂದರೆ ಕಾಯಿ ಹಸನು ಮಾಡುವ ಹಸೀನಾಬಿ. ಎಲ್ಲರಿಗಿಂತ ಹಿರಿಯಳು, ಕಿವಿ ಸ್ವಲ್ಪ ಮಂದ. ಊಟಕ್ಕೆ ಎಲ್ಲರೂ ಬೇವಿನ ನೆರಳಿಗೆ ಕೂತಾಗ ತಲೆ ಎಣಿಸಿ, ಶೆಡ್ಡು ಖಾಲಿ ಎಂದು ಖಾತ್ರಿ ಮಾಡಿಕೊಳ್ಳುವುದು ಅಲ್ಲಿನ ರೂಢಿ. ಉಪವಾಸ ಇದ್ದವಳು ಊಟಕ್ಕೆ ಬರುವುದಿಲ್ಲವಲ್ಲ, ಮನೆಗೆ ಹೋಗಿರಬೇಕು ಎಂದುಕೊಂಡು ಅವಳನ್ನು ಯಾರೂ ಲೆಕ್ಕಕ್ಕೇ ಹಿಡಿದಿರಲಿಲ್ಲ. ಅವಳೋ ಕೆಳಗಿನ ಬಲೆಯಡಿ ತಂಪಿನಲ್ಲಿ ಮಲಗಿದ್ದಳು. ಎಚ್ಚರವಾಗಿ, ತಾಡಪತ್ರಿ ಎತ್ತಿ ಹೊರಬಂದು, "ಯಾಕ್ರೋ ಯಪ್ಪಾ, ಇಷ್ಟು ಲಗೂನ ಕತ್ತಲ ಮಾಡೀರಿ?" ಎಂದು ಕೇಳಿದಳಂತೆ.

ಫೋನಿಟ್ಟು ನೋಡಿದರೆ ಆ ಶೆಡ್ಡಿನ ಮೆಸೇಜು ಹೋಗಿತ್ತು. ನಾನು ಮತ್ತೆ ಯಾವ ಕೀಯನ್ನೂ ಮುಟ್ಟಿರಲಿಲ್ಲ.

ಸಂಜೆ ಬಸ್ಸು ಹಿಡಿದು ಹೊನವಾಡಕ್ಕೆ ಹೋದೆ. ಹಸೀನಾಬಿ ಉಪವಾಸ ಬಿಡುವ ಹೊತ್ತು. ಖರ್ಜೂರ ಬಿಡಿಸಿ ಅರ್ಧ ನನ್ನ ಕೈಗಿಟ್ಟಳು. "ನೀ ನನ್ನ ಉಳಿಸಿದಿ ಅಂತಾನ ಮಲ್ಲಪ್ಪ" ಎಂದಳು. ನಾನಲ್ಲ ಬೂಬು ಎಂದೆ. "ಮತ್ತ ಯಾರ?" ಎಂದು ಕೇಳಿದಳು. ಖರ್ಜೂರ ಬಾಯಿಗೆ ಹಾಕಿಕೊಂಡು ಅತ್ತುಬಿಟ್ಟೆ.

ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವ ನಮ್ಮ ಭಾವ ಸ್ಕ್ರಿಪ್ಟನ್ನು ಪೂರ್ತಿ ಓದಿದರು. ನೆಟ್ ಹೋಗಿರಬೇಕು ಎಂದರು. ಹಾಗಿದ್ದರೆ ಉಳಿದವು ಹೇಗೆ ಹೋದವು ಎಂದು ಕೇಳಿದೆ. ಚಹಾ ಕೇಳಿದರು. ಆಮೇಲೆ ಸ್ಕ್ರಿಪ್ಟು ಆ ಸಾಲಿನಲ್ಲಿ ಒಮ್ಮೆಯೂ ನಿಂತಿಲ್ಲ. ಏನಾಗಿತ್ತೆಂದು ಇವತ್ತಿಗೂ ನನಗೆ ತಿಳಿದಿಲ್ಲ. ಯಾರಿಗೆ ಕೈಮುಗಿಯಬೇಕೆಂದು ತಿಳಿಯದಿದ್ದರೂ ಮನಸ್ಸು ಕೈಮುಗಿಯುತ್ತಲೇ ಇರುತ್ತದೆ.

ಈಗ ಕಂಪ್ಯೂಟರ್ ಯಾವ ಕಾರಣಕ್ಕೆ ನಿಂತರೂ ನಾನು ಬೈಯುವುದಿಲ್ಲ. ಮೊದಲು ಶೆಡ್ಡಿಗೆ ಫೋನು ಮಾಡಿ, "ಒಳಗ ಯಾರರ ಅದಾರೇನ್ ನೋಡ್ರಿ" ಎನ್ನುತ್ತೇನೆ. ಮಲ್ಲಪ್ಪ ನಗುವುದಿಲ್ಲ. ತಾಡಪತ್ರಿ ಎತ್ತಿ ಒಳಗೆ ಹೋಗಿ ನೋಡಿ ಬರುತ್ತಾನೆ.