ನಿಮ್ಮವ್ವನ ಜೊತೆ ರಾಣೆಬೆನ್ನೂರಿಗೆ ಹೋಗಿಬಂದದ್ದು

ಚಿನ್ನಿ, ಪುಟ್ಯಾ,

ಇದನ್ನು ನಾನು ಬಾಯಿಂದಲೇ ಹೇಳಬಹುದಿತ್ತು. ಆದರೆ ಇಂಥ ಮಾತು ಬಂದಾಗೆಲ್ಲ ನಿಮ್ಮ ಆಯಿಯಾದ ನಾನು ಒಲೆಯ ಮೇಲೆ ಏನೋ ಇಟ್ಟವಳಂತೆ ಎದ್ದು ಹೋಗುತ್ತೇನೆಂದು ನಿಮಗೆ ಗೊತ್ತೇ ಇದೆ. ಬರೆದರೆ ಯಾರ ಮುಖವನ್ನೂ ನೋಡಬೇಕಾಗಿಲ್ಲ. ಹಳ್ಳಿಯ ಶಾಲೆಯಲ್ಲಿ ಕಲಿತ ಅಕ್ಷರ ಇಷ್ಟಕ್ಕೆ ಸಾಕಾದೀತು. ಇದು ನಿಮ್ಮ ಅವ್ವನ ಸಂಗತಿ. ಅವಳನ್ನು ಕೇಳಿಯೇ ಬರೆಯುತ್ತಿದ್ದೇನೆ. "ಬರೀರಿ ಅತ್ತಿ. ಚಿನ್ನಿ ಈಗ ಕಾಲೇಜಿಗೆ ಹೊಂಟಾಳ, ತಿಳಕೊಂಡಿರಲಿ. ಪುಟ್ಯಾನೂ ಓದಲಿ, ನಾಳೆ ಅವನೂ ಒಬ್ಬಾಕಿ ಗಂಡ ಆಗಾಂವ" ಎಂದಳು.

ಪುಟ್ಯಾ, ಆಗ ನಿನಗಿನ್ನೂ ವರ್ಷ ತುಂಬಿರಲಿಲ್ಲ. ನೀನು ಹುಟ್ಟಿದ್ದು ರಾಣೆಬೆನ್ನೂರಿನ ಒಂದು ದವಾಖಾನೆಯಲ್ಲಿ, ಹೊಟ್ಟೆ ಕೊಯ್ದು. ನಿಮ್ಮವ್ವನಿಗೆ ವಿಪರೀತ ರಕ್ತ ಹೋಗಿ, ಬೇರೆಯವರ ರಕ್ತ ಏರಿಸಬೇಕಾಯಿತು. ಮನೆಗೆ ಕಳಿಸುವಾಗ ಡಾಕ್ಟರಮ್ಮ, ಇನ್ನು ಎರಡು ಮೂರು ವರ್ಷ ಬಸಿರಾಗಬಾರದು ಎಂದು ಹೇಳಿಯೇ ಕಳಿಸಿದ್ದರು. ಎದೆಹಾಲು ಕುಡಿಸುವ ತನಕ ಬಸಿರು ನಿಲ್ಲುವುದಿಲ್ಲ ಎಂದು ನಮ್ಮ ಓಣಿಯ ಹೆಂಗಸರೆಲ್ಲ ನಂಬಿದ್ದೆವು. ಒಮ್ಮೆ ಮುಟ್ಟಾಗಿ ಮತ್ತೆ ನಿಂತಾಗ, ಹಾಲುಣಿಸುವವರಿಗೆ ಹೀಗೇ ಎಂದು ಅವಳೂ ಸುಮ್ಮನಿದ್ದಳು.

ಅದು ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ಸುಗ್ಗಿ. ನಾವಿಬ್ಬರೂ ಒಬ್ಬ ವ್ಯಾಪಾರಿಯ ಅಂಗಳಕ್ಕೆ ಕಾಯಿಯ ತೊಟ್ಟು ಬಿಡಿಸಲು ಹೋಗುತ್ತಿದ್ದೆವು. ಕೆಂಪು ರಾಶಿಯ ಸುತ್ತ ಹೆಂಗಸರು ಮೂಗಿಗೆ ಸೆರಗು ಕಟ್ಟಿಕೊಂಡು ಕೂತಿರುತ್ತಿದ್ದರು. ಒಂದು ಬೆಳಿಗ್ಗೆ ನಿಮ್ಮವ್ವ ಎದ್ದು ಗೋಡೆಯ ಮರೆಗೆ ಓಡಿ ಕಾರಿಕೊಂಡಳು. ಪಕ್ಕದಲ್ಲಿದ್ದವಳು ಸೀನುತ್ತಲೇ ಕೇಳಿದಳು:

"ಏನಬೇ, ನಿನ್ನ ಸೊಸಿಗೆ ಇದು ಮೆಣಸಿನಕಾಯಿ ಘಾಟೋ, ಮಗನ ಘಾಟೋ?"

ಎಲ್ಲರೂ ನಕ್ಕರು. ನಾನೂ ಸುಮ್ಮನೆ ನಕ್ಕೆ. ನಿಮ್ಮವ್ವ ಮಾತ್ರ ಬಾಯಿ ಒರೆಸಿಕೊಂಡು ಬಂದು, ತಲೆ ಎತ್ತದೆ ತೊಟ್ಟು ಬಿಡಿಸತೊಡಗಿದಳು.

ಮನೆಗೆ ಬಂದ ಮೇಲೆ, ಪುಟ್ಯಾ, ನಿನ್ನನ್ನು ಮೊಲೆಗೆ ಹಾಕಿಕೊಂಡು ಹೇಳಿದಳು. "ಅತ್ತಿ, ನನಗ ಈ ಕೂಸು ಬ್ಯಾಡ. ಹಿಂದಿನ ಸಲ ಕಣ್ಣು ಮುಚ್ಚಿದಾಗ ಮತ್ತ ತೆರಿತೇನಿ ಅನ್ನೂ ಭರವಸಾ ಇರಲಿಲ್ಲ ನನಗ. ನಾ ಹೋದ್ರ ಇವೆರಡನ್ನ ಯಾರು ನೋಡ್ತಾರ?"

ಅತ್ತೆಗೆ ಇದನ್ನು ಹೇಳಲು ಅವಳು ಎಷ್ಟು ಧೈರ್ಯ ತಂದುಕೊಂಡಿರಬೇಕು. "ನೀ ಎಲ್ಲೂ ಹೋಗಂಗಿಲ್ಲ, ಸುಮ್ನಿರು" ಎಂದೆ. ಆ ಮಾತಿಗೆ ಯಾವ ಆಧಾರವೂ ಇರಲಿಲ್ಲ.

ಇದಕ್ಕೆ ಔಷಧಿ ಅಂಗಡಿಯಲ್ಲಿ ಗುಳಿಗೆ ಸಿಗುತ್ತವೆ ಎಂದು ಯಾರೋ ಹೇಳಿದ್ದು ನನಗೆ ನೆನಪಿತ್ತು. ಮರುದಿನ ಪೇಟೆಯ ಅಂಗಡಿಗೆ ಹೋದೆ. ಅಂಗಡಿಯವನು ನಿಮ್ಮ ಅಜ್ಜನ ಪರಿಚಯದವನು. "ಏನು ಬೇಕ್ರಿ ವೈನಿ?" ಎಂದ. ಕೆಮ್ಮಿನ ಔಷಧಿ ಕೊಂಡು ಬಂದೆ. ನಿಮ್ಮವ್ವ ಬಾಟಲಿಯನ್ನೂ ನನ್ನನ್ನೂ ನೋಡಿ ಎಷ್ಟೋ ದಿನದ ಮೇಲೆ ನಕ್ಕಳು. ಅವತ್ತು ನನ್ನ ನಾಚಿಕೆ ನಮ್ಮನ್ನು ಕಾಯಿತೆಂದೇ ಹೇಳಬೇಕು. ಪರೀಕ್ಷೆ ಮಾಡಿಸದೆ ಆ ಗುಳಿಗೆ ನುಂಗುವುದು ಅವಳಂಥವಳಿಗೆ ಎಷ್ಟು ಅಪಾಯ ಎಂಬುದು ಆಮೇಲೆ ತಿಳಿಯಿತು.

ಹಾಗಾದರೆ ಮೊದಲೇ ಡಾಕ್ಟರ ಹತ್ತಿರ ಯಾಕೆ ಹೋಗಲಿಲ್ಲ ಎಂದು ಕೇಳುತ್ತೀರಿ. ಗಂಡನ ಸಹಿ ಇಲ್ಲದೆ ಆಗುವುದಿಲ್ಲ ಎಂದುಕೊಂಡಿದ್ದೆವು. ಪುಟ್ಯಾ ಹುಟ್ಟುವಾಗ ಹೊಟ್ಟೆ ಕೊಯ್ಯುವ ಮೊದಲು ನಿಮ್ಮಪ್ಪನನ್ನು ಹುಡುಕಿ ತಂದು ಸಹಿ ಹಾಕಿಸಿಕೊಂಡಿದ್ದರಲ್ಲ, ಇದಕ್ಕೂ ಹಾಗೇ ಇರಬೇಕು ಎಂದು ನಮ್ಮ ಲೆಕ್ಕ. ನಿಮ್ಮಪ್ಪ ಆಗ ಮೆಣಸಿನಕಾಯಿ ಲಾರಿ ತಗೊಂಡು ಗುಜರಾತದ ಕಡೆ ಹೋಗಿದ್ದ. ಫೋನಿನಲ್ಲಿ ಎಲ್ಲ ಹೇಳಿದೆವು. "ಆಕೀ ಜೀವ ಮುಖ್ಯ ಅವ್ವಾ. ಆದ್ರ ತಿರುಗಿ ಬರಾಕ ಇನ್ನೂ ಲೋಡ್ ಸಿಕ್ಕಿಲ್ಲ" ಎಂದ. ಅವನ ದಾರಿ ಕಾಯುತ್ತ ದಿನ ಕಳೆದವು. ಲಾರಿಯ ಹಾರ್ನು ಕೇಳಿದರೆ ಸಾಕು, ಇಬ್ಬರೂ ಬಾಗಿಲಿಗೆ ಬರುತ್ತಿದ್ದೆವು.

ಕಡೆಗೆ ಅವಳೇ ಎದ್ದಳು. "ಅವರು ಬರೂತನಕ ಹೊಟ್ಟಿ ಕಾಯತೈತೇನು ಅತ್ತಿ? ಹೋಗಿ ಕೇಳೇರ ಬರೂಣು. ಇಲ್ಲಂದ್ರ ಇಲ್ಲ ಅಂತಾರ."

ಚಿನ್ನಿ, ನಿನ್ನನ್ನು ಪಕ್ಕದ ಮನೆಯಲ್ಲಿ ಬಿಟ್ಟು, ಪುಟ್ಯಾನನ್ನು ಎತ್ತಿಕೊಂಡು ಬಸ್ಸು ಹತ್ತಿದೆವು. ಅದೇ ದವಾಖಾನೆ, ಅದೇ ಡಾಕ್ಟರಮ್ಮ. ನಾನು ಹಿಂದೆ ನಿಂತು ಸೊಸೆಯ ಬೆನ್ನು ಮುಟ್ಟಿದೆ, ನೀನೇ ಹೇಳು ಎಂಬಂತೆ. ಅವಳು ಹೇಳಿದಳು. ಡಾಕ್ಟರಮ್ಮ ಪೂರ್ತಿ ಕೇಳಿ ನನ್ನ ಕಡೆ ತಿರುಗಿ, "ಅವ್ವಾರ, ನೀವು ಸ್ವಲ್ಪ ಹೊರಗ ಕುಂದರ್ರಿ" ಎಂದರು. ನನಗೆ ಅವಮಾನವೆನಿಸಿತು. ಆಮೇಲೆ ತಿಳಿದದ್ದು, ಯಾರ ಒತ್ತಾಯಕ್ಕೂ ಬಂದಿಲ್ಲವಷ್ಟೆ ಎಂದು ಅವಳೊಬ್ಬಳನ್ನೇ ಕೇಳಲು ಹಾಗೆ ಮಾಡಿದ್ದರು. ಒತ್ತಾಯ ಮಾಡುವ ಅತ್ತೆಯರೂ ಇರುತ್ತಾರಲ್ಲ, ಕಳಿಸಿದ್ದು ಸರಿಯೇ.

ಮತ್ತೆ ಒಳಗೆ ಕರೆದಾಗ ನಾನೇ ಬಾಯಿಬಿಟ್ಟೆ. "ಸಹಿ ಹಾಕಾಕ ಮಗ ಊರಾಗಿಲ್ರಿ. ಲಾರಿ ಮ್ಯಾಲ ಹೋಗ್ಯಾನ. ಫೋನಿನ್ಯಾಗ ಹೇಳಿದ್ರ ನಡಿತೈತೇನ್ರಿ?"

"ಅವರ ಸಹಿ ಯಾಕ್ರಿ? ಹದಿನೆಂಟು ತುಂಬಿದಾಕಿಗೆ ಆಕೀದ ಸಹಿ ಸಾಕು. ಗಂಡಂದೂ ಬ್ಯಾಡ, ಅತ್ತೀದೂ ಬ್ಯಾಡ. ಸಣ್ಣ ಹುಡುಗಿ ಇದ್ರಷ್ಟ ಪಾಲಕರದು ಬೇಕು. ಇಲ್ಲಿ ಆಗಿದ್ದು ನಾವು ಯಾರಿಗೂ ಹೇಳೂದಿಲ್ಲ."

ಇಷ್ಟು ದಿನ ಬಾಗಿಲು ಕಾದದ್ದು ನೆನಪಾಗಿ ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು.

ರಕ್ತ ಪರೀಕ್ಷೆ ಮಾಡಿದರು, ಬಿಪಿ ನೋಡಿದರು. ಸ್ಕ್ಯಾನಿಂಗ್ ಮಾಡುವ ಮೊದಲು "ಪರದೆ ನೋಡಬೇಕಂತ ಏನಿಲ್ಲ, ಆ ಕಡೆ ತಿರುಗಿಸ್ತೇನಿ" ಎಂದರಂತೆ. ಬಸಿರು ಗರ್ಭಚೀಲದ ಒಳಗೇ ಇದೆಯೋ, ಕೊಳವೆಯಲ್ಲಿ ಸಿಕ್ಕಿದೆಯೋ, ಹಳೆಯ ಹೊಲಿಗೆಯ ಮೇಲೆ ಕೂತಿದೆಯೋ ಎಂದು ನೋಡುವುದು ಮುಖ್ಯ. ಅದು ಇರಬೇಕಾದ ಜಾಗದಲ್ಲೇ ಇತ್ತು. ರಕ್ತ ಸ್ವಲ್ಪ ಕಡಿಮೆ ಇದ್ದರೂ ನಡೆಯುತ್ತದೆ ಎಂದರು. "ಲಗೂ ಬಂದೀರಿ, ಗುಳಿಗಿಲೇ ಆಗತೈತಿ. ಇನ್ನ ತಡ ಮಾಡಿದ್ರ ಒಳಗಿಂದು ಯಂತ್ರದಿಂದ ತಗೀಬೇಕಾಗತಿತ್ತು. ಅದರಾಗೂ ಹೆದರೂದೇನಿಲ್ಲ, ಆದ್ರ ಇದು ಸರಳ."

ನಿಮ್ಮವ್ವ ತಾನೇ ಸಹಿ ಹಾಕಿದಳು. ಮೊದಲ ಗುಳಿಗೆಯನ್ನು ಅಲ್ಲೇ ನುಂಗಿದಳು. ಉಳಿದವನ್ನು ನಡುವೆ ಒಂದು ದಿನ ಬಿಟ್ಟು ಮನೆಯಲ್ಲಿ ತೆಗೆದುಕೊಳ್ಳಬೇಕು. ಮುಟ್ಟಿನ ನೋವಿಗಿಂತ ಜೋರಾಗಿ ಹೊಟ್ಟೆ ಕಿವುಚುತ್ತದೆ, ಕೆಲವು ತಾಸು ರಕ್ತ ಹೆಚ್ಚು ಹೋಗುತ್ತದೆ, ಗಡ್ಡೆಗಳೂ ಬೀಳುತ್ತವೆ, ಚಳಿ ಬರಬಹುದು, ಹೊಟ್ಟೆ ಕೆಡಬಹುದು, ಇದೆಲ್ಲ ಆಗುವುದೇ ಎಂದು ಬಿಡಿಸಿ ಹೇಳಿದರು. ನೋವಿಗೆ ಬೇರೆ ಗುಳಿಗೆ ಕೊಟ್ಟರು. ತಾಸಿಗೆ ಎರಡು ಪ್ಯಾಡು ಪೂರ್ತಿ ತೊಯ್ದು, ಮುಂದಿನ ತಾಸೂ ಹಾಗೇ ಆದರೆ, ತಲೆ ತಿರುಗಿ ಬಿದ್ದರೆ, ಮರುದಿನವೂ ಜ್ವರ ಇದ್ದರೆ, ಕೆಟ್ಟ ವಾಸನೆ ಬಂದರೆ, ಯಾವ ಹೊತ್ತಿದ್ದರೂ ಬರಬೇಕು. "ಹಾಲು ಕುಡಿಸಬಹುದೇನ್ರಿ?" ಎಂದು ನಿಮ್ಮವ್ವ ಕೇಳಿದಳು. ಕುಡಿಸಬಹುದು ಎಂದರು. ಕೊನೆಗೆ ನನಗೆ ಹೇಳಿದರು: "ಆ ದಿನ ಆಕೀನ್ನ ಒಬ್ಬಾಕೀನ್ನ ಬಿಡಬ್ಯಾಡ್ರಿ."

ನಮ್ಮ ಮನೆಯ ಆಗಿನ ಪದ್ಧತಿ ನಿಮಗೆ ಗೊತ್ತಿಲ್ಲ. ನಡುಮನೆಯಲ್ಲಿ ದೇವರ ಜಗಲಿ ಇರುವುದರಿಂದ, ಮುಟ್ಟಾದವರು ಪಡಸಾಲೆಯ ಬಾಗಿಲ ಪಕ್ಕದಲ್ಲಿ ಚಾಪೆ, ಲೋಟ, ತಾಟು ಬೇರೆ ಇಟ್ಟುಕೊಂಡು ಮೂರು ದಿನ ಕೂರಬೇಕಿತ್ತು. ಒಳಗಿನವರು ಅವರನ್ನು ಮುಟ್ಟುತ್ತಿರಲಿಲ್ಲ. ನಾನೂ ಹಾಗೇ ಕೂತು ಮುದುಕಿಯಾದವಳು. ಅವತ್ತು ಬೆಳಿಗ್ಗೆ ಉಳಿದ ಗುಳಿಗೆ ತೆಗೆದುಕೊಂಡ ಸ್ವಲ್ಪ ಹೊತ್ತಿಗೆ ರಕ್ತ ಶುರುವಾಯಿತು. ಒಲೆಯ ಮುಂದಿನಿಂದ ನಾನು ಬಂದು ನೋಡಿದರೆ, ನಿಮ್ಮವ್ವ ಯಾರೂ ಹೇಳದೆಯೇ ಆ ಬಾಗಿಲ ಪಕ್ಕ ಚಾಪೆ ಹಾಸಿ, ಮೊಣಕಾಲು ಎದೆಗೆ ಒತ್ತಿಕೊಂಡು ಮಲಗಿದ್ದಳು. ನನ್ನನ್ನು ನೋಡಿ ಸೆರಗು ಎಳೆದುಕೊಂಡು ಇನ್ನಷ್ಟು ಗೋಡೆಗೆ ಸರಿದಳು, ನನಗೆ ತಾಗಬಾರದೆಂದು.

ನಾನು ನಿಂತೇ ಇದ್ದೆ. ಮುಟ್ಟಲಾರದವಳು ಅವಳ ಜೊತೆ ಇರುವುದು ಹೇಗೆ? ಅವಳು ಪ್ರಜ್ಞೆ ತಪ್ಪಿದರೆ ಹಿಡಿಯುವವರು ಯಾರು?

"ಏಳು" ಎಂದೆ.

"ಎಲ್ಲಿಗ್ರಿ?"

"ಒಳಗ."

"ದೇವ್ರು ಅದಾನ್ರಿ ಅಲ್ಲಿ."

"ಇರಲೇಳು. ನಾನೂ ಅಲ್ಲೇ ಇರ್ತೇನಿ."

ತೋಳು ಹಿಡಿದು ಎಬ್ಬಿಸಿದೆ. ನಡುಮನೆಯಲ್ಲಿ ನನ್ನದೇ ಹಾಸಿಗೆ ಹಾಸಿ ಮಲಗಿಸಿದೆ. ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ಹೊಟ್ಟೆಯ ಮೇಲಿಟ್ಟೆ. ನೋವು ಬಂದಾಗ ಅವಳು ನನ್ನ ಕೈಯನ್ನು ಎಷ್ಟು ಜೋರಾಗಿ ಹಿಡಿಯುತ್ತಿದ್ದಳೆಂದರೆ ಬಳೆಯ ಗೀರು ಮೂಡಿತ್ತು.

ಅಷ್ಟರಲ್ಲಿ ನನ್ನ ನೆಗೆಣ್ಣಿ ಬಂದಳು, ನಿಮ್ಮ ಅಜ್ಜನ ಅಣ್ಣನ ಹೆಂಡತಿ. ಮಲಗಿದವಳನ್ನು, ತೊಯ್ದ ಬಟ್ಟೆಯನ್ನು, ಜಗಲಿಯನ್ನು ನೋಡಿ ಹೊಸ್ತಿಲಲ್ಲೇ ನಿಂತಳು. "ಏನ ತಂಗಿ, ಸೊಸಿ ಹೊರಗಾಗ್ಯಾಳೋ, ನೀ ದೇವರನ್ನ ಹೊರಗ ಹಾಕೀಯೋ?"

ಜೀವಮಾನದಲ್ಲಿ ನಾನು ಅವಳಿಗೆ ಎದುರಾಡಿದವಳಲ್ಲ. "ಆಕಿಗೆ ಆರಾಮಿಲ್ಲಕ್ಕ. ನಾ ಕೈ ಬಿಡುವಂಗಿಲ್ಲ. ಚಹಾ ಬೇಕಂದ್ರ ನೀನ ಮಾಡ್ಕೋ" ಎಂದೆ. ಬೈದುಕೊಂಡೇ ಒಳಗೆ ಬಂದಳು. ಚಹಾ ಮಾಡಿಕೊಂಡು ಕುಡಿದಳು. ಹೋಗುವಾಗ ಅಳುತ್ತಿದ್ದ ಪುಟ್ಯಾನನ್ನು ಎತ್ತಿಕೊಂಡು ಹೋಗಿ, ಸಂಜೆಯ ತನಕ ತನ್ನ ಮನೆಯಲ್ಲೇ ಆಡಿಸಿದಳು. ಯಾಕೆ ಏನು ಎಂದು ಅವತ್ತೂ ಕೇಳಲಿಲ್ಲ, ಆಮೇಲೂ ಕೇಳಲಿಲ್ಲ.

ಮಧ್ಯಾಹ್ನ ರಕ್ತ ಜೋರಾಗಿ ಹೋಯಿತು. ದೀಪ ಹಚ್ಚುವ ಹೊತ್ತಿಗೆ ನೋವು ಇಳಿಯಿತು. ನಿಮ್ಮವ್ವ ಅಳುತ್ತಿದ್ದಳು. "ಕೆಟ್ಟ ಅನಸ್ತೈತೇನು?" ಎಂದೆ. "ಗೊತ್ತಿಲ್ರಿ ಅತ್ತಿ. ಅಳು ಬರತೈತಿ, ಹಗುರಾನೂ ಆಗೈತಿ" ಎಂದಳು. ಎರಡೂ ಇರಬಹುದು ಎಂದು ನನಗೂ ಅನಿಸಿತು.

ರಕ್ತ ಮೂರು ದಿನಕ್ಕೆ ನಿಲ್ಲಲಿಲ್ಲ. ವಾರ ಕಳೆದರೂ ಸ್ವಲ್ಪ ಸ್ವಲ್ಪ ಹೋಗುತ್ತಿತ್ತು. ನಾನು ಹೆದರಿ ದವಾಖಾನೆಗೆ ಫೋನ್ ಮಾಡಿಸಿದೆ. ಕಡಿಮೆಯಾಗುತ್ತ ಬಂದಿದ್ದರೆ ಚಿಂತೆಯಿಲ್ಲ, ಎರಡು ವಾರ ಹಾಗಿರಬಹುದು ಎಂದರು. ಅಷ್ಟರೊಳಗೆ ನಿಮ್ಮಪ್ಪ ಬಂದ. ಎರಡನೆಯ ಸಲ ತೋರಿಸಲು ಅವನೇ ಕರೆದುಕೊಂಡು ಹೋದ. ಒಳಗೆ ಏನೂ ಉಳಿದಿಲ್ಲ ಎಂದು ಹೇಳಿ, ಮತ್ತೆ ಹೀಗಾಗದಂತೆ ಏನು ಮಾಡಬಹುದೆಂದು ಇಬ್ಬರಿಗೂ ತಿಳಿಸಿದರು. ನಿಮ್ಮವ್ವ ಕಾಪರ್-ಟಿ ಹಾಕಿಸಿಕೊಂಡಳು. ಬಸ್ಸಿಳಿದು ಬರುವಾಗ ಅವಳ ನಡಿಗೆ ನೋಡಿಯೇ ನನಗೆ ತಿಳಿಯಿತು, ಅವಳು ನಮಗೆ ಉಳಿದಳು ಎಂದು.

ನಾಚಿಕೆ ನನಗೆ ಈಗಲೂ ಹೋಗಿಲ್ಲ. ನಿಮಗೆ ಅದು ಬೇಡ. ಚಿನ್ನಿ, ನಿನಗೋ ನಿನ್ನ ಗೆಳತಿಗೋ ಇಂಥ ದಿನ ಬಂದರೆ, ಮುಟ್ಟು ತಪ್ಪಿದ ಕೂಡಲೇ ಡಾಕ್ಟರ ಹತ್ತಿರ ಹೋಗಿ. ಯಾರ ಲಾರಿ ಬರಲೆಂದೂ ಕಾಯಬೇಡಿ. ಪುಟ್ಯಾ, ನೀನು ಮನೆಯಲ್ಲಿದ್ದರೆ ಬಿಸಿನೀರು ಕಾಯಿಸಿ ಪಕ್ಕದಲ್ಲಿ ಕೂತಿರು. ಓದಿದ ಮೇಲೆ ಈ ಹಾಳೆಗಳನ್ನು ರದ್ದಿಗೆ ಹಾಕಬೇಡಿ. ನಿಮ್ಮ ಮಾರ್ಕ್ಸ್ ಕಾರ್ಡ್ ಇಡುವ ಕಡೆ ಇವನ್ನೂ ಜೋಪಾನವಾಗಿ ಇಡಿ.